ಅಳತೆ ಒಂದು, ಹದ ಇನ್ನೊಂದು

1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನೆಲ್ಲ ಒಂದೇ ರಾಶಿಯಾಗಿ ಕಲಸಿದರು. ಅದರಿಂದ 89 ಭಾಗಗಳನ್ನು ಪಕ್ಕಕ್ಕಿಟ್ಟು, ಮಾರಾಟಗಾರನ ದಾಸ್ತಾನಿನಿಂದ ಹೊಸವನ್ನು ತಂದು ಹಾಕಿದರು. ಆಮೇಲೆ ಬರೀ ಸ್ಪ್ಯಾನರು, ಸ್ಕ್ರೂಡ್ರೈವರುಗಳಿಂದ ಮೂರೂ ಕಾರುಗಳನ್ನು ಮರಳಿ ಜೋಡಿಸಿ 500 ಮೈಲಿ ಓಡಿಸಿದರು. ಪರೀಕ್ಷೆ ನಡೆಸಿದ್ದು ರಾಯಲ್ ಆಟೊಮೊಬೈಲ್ ಕ್ಲಬ್. ಕ್ಯಾಡಿಲಾಕ್‌ಗೆ ಡ್ಯೂವಾರ್ ಟ್ರೋಫಿ ಬಂತು. ಅಂದಿನ ಕಾರ್ಖಾನೆಗಳಲ್ಲಿ ‘ಫಿಟ್ಟರ್’ ಎಂಬ ಪದಕ್ಕೆ ಅಕ್ಷರಶಃ ಅರ್ಥವಿತ್ತು: ಅರ ಹಿಡಿದು ಉಜ್ಜಿ ಒಂದೊಂದು ಭಾಗವನ್ನೂ ಅದರ ಜಾಗಕ್ಕೆ ಒಗ್ಗಿಸುವವನು. ಆ ಅರವೇ ಬೇಡ ಎಂದು ತೋರಿಸಿದ್ದು ಕ್ಯಾಡಿಲಾಕಿನ ಗೆಲುವು.

ಹಳೆಯ ಅಂಬಾಸಿಡರ್ ಇಟ್ಟುಕೊಂಡವರ ಕೈಗೆ ಇಂದು ಅದೇ ಅರ ಮತ್ತೆ ಬಂದಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ ಹುಟ್ಟಿದ ಈ ಕಾರು ಕೋಲ್ಕತ್ತದ ಬಳಿಯ ಉತ್ತರಪಾಡಾದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಯಾರಾಗಿ, 2014ರ ಮೇನಲ್ಲಿ ನಿಂತಿತು. ಬಿಡಿಭಾಗಗಳೇನೋ ಸಿಗುತ್ತವೆ. ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ, ಎಲ್ಲಾದರೂ ಒಂದು ಕಡೆ. ಆದರೆ ಪೊಟ್ಟಣ ಬಿಚ್ಚಿ ಸಸ್ಪೆನ್ಷನ್ನಿಗೆ ಕೂರಿಸಲು ಹೋದರೆ ಬೋಲ್ಟು ತೂತಿಗೆ ಇಳಿಯುವುದಿಲ್ಲ. ಇಳಿದರೆ, ತಿಂಗಳೊಳಗೆ ಗಡಗಡ.

ಕಾರಣವನ್ನು ಸುಮ್ಮನೆ ‘ಡೂಪ್ಲಿಕೇಟ್ ಮಾಲು’ ಎಂದು ಮುಗಿಸಿಬಿಡುವುದು ಸುಲಭ. ನಿಜವಾದ ಕಷ್ಟ ಬೇರೆ. ಕಾರ್ಖಾನೆಯ ನಕ್ಷೆಯಲ್ಲಿ ಅಳತೆಯ ಜೊತೆಗೆ ಅದು ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದೂ ಬರೆದಿರುತ್ತದೆ. ಬಜಾರಿನ ತಯಾರಕನ ಕೈಯಲ್ಲಿರುವುದು ನಕ್ಷೆಯಲ್ಲ, ಯಾವುದೋ ಕಾರಿನಿಂದ ಬಿಚ್ಚಿದ ಒಂದು ಮಾದರಿ. ಅದು ಸವೆದಿದ್ದರೆ ಸವೆತಕ್ಕೂ ಪಡಿಯಚ್ಚು ಬೀಳುತ್ತದೆ. ಹೊಸ ಭಾಗ ಹುಟ್ಟುವಾಗಲೇ ಮುದಿಯಾಗಿರುತ್ತದೆ.

ರಬ್ಬರ್ ಬುಷ್ಷಿನ ವಿಷಯದಲ್ಲಂತೂ ಅಳತೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಉಳಿದರ್ಧ ಹದ. ಉಕ್ಕಿಗೂ ಬೆಲ್ಲದ ಪಾಕಕ್ಕೂ ಉಳುವ ನೆಲಕ್ಕೂ ಕನ್ನಡದಲ್ಲಿ ಇದೊಂದೇ ಪದ ಸಲ್ಲುತ್ತದೆ, ರಬ್ಬರಿಗೂ ಸಲ್ಲಬೇಕು. ಕ್ಯಾಲಿಪರಿಗೆ ಹದ ಕಾಣುವುದಿಲ್ಲ. ಹಳೆಯ ಬುಷ್ಷಿನ ರಬ್ಬರು ವರ್ಷಗಳ ಬಿಸಿಲು, ಎಣ್ಣೆಗಳಿಗೆ ಸಿಕ್ಕಿ ಮೂಲ ಹದವನ್ನು ಕಳೆದುಕೊಂಡಿರುವುದರಿಂದ ಅದನ್ನು ಒತ್ತಿ ನೋಡಿದರೂ ತಿಳಿಯದು. ಮೆದುವಾದರೆ ಚಕ್ರ ಅಲುಗುತ್ತದೆ, ಗಟ್ಟಿಯಾದರೆ ರಸ್ತೆಯ ಪ್ರತಿ ಕಲ್ಲೂ ಸೀಟಿಗೆ ಬರುತ್ತದೆ. ರಬ್ಬರಿನ ಬದಲು ಪಾಲಿಯುರೆಥೇನ್ ಹಾಕುವವರಿದ್ದಾರೆ. ಬಾಳಿಕೆ ಹೆಚ್ಚು, ಆದರೆ ಗ್ರೀಸ್ ಒಣಗಿದರೆ ಕಿರ್ ಎನ್ನುತ್ತದೆ.

ಎಲ್ಲ ತಪ್ಪೂ ತಯಾರಕನದಲ್ಲ. ಹೊರಗೆ ಒಳಗೆ ಉಕ್ಕಿನ ಕೊಳವೆ, ನಡುವೆ ಅಂಟಿಸಿದ ರಬ್ಬರು ಇರುವ ಬುಷ್ಷು ತಿರುಗುವುದಿಲ್ಲ, ಹಿಂಡಿಕೊಂಡು ಮರಳುತ್ತದೆ. ಕಾರನ್ನು ಜಾಕಿನ ಮೇಲೆತ್ತಿ, ಚಕ್ರ ಜೋತಾಡುವಾಗಲೇ ಬೋಲ್ಟು ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ. ಹಾಗೆ ತಿರುಚಿಕೊಂಡೇ ದುಡಿದು ಬೇಗ ಹರಿಯುತ್ತದೆ. ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೇ ಕೊನೆಯ ಬಿಗಿತ ಕೊಡಬೇಕು. ಹಿಂದಿನ ಪಟ್ಟಿ ಸ್ಪ್ರಿಂಗಿನದೂ ಇಂಥದೇ ಮಾತು: ಹೊಸದು ಹೆಚ್ಚು ಬಾಗಿದ್ದರೆ ಎರಡು ತುದಿಗಳ ಅಂತರ ಕಿರಿದಾಗಿ ಶ್ಯಾಕಲ್ಲಿನ ತೂತಿಗೆ ಸೇರುವುದಿಲ್ಲ. ಭಾರ ಹಾಕಿ ಚಪ್ಪಟೆ ಮಾಡಿದರೆ ಎಷ್ಟೋ ಸಲ ಸೇರುತ್ತದೆ. ಅಷ್ಟು ತಾಳ್ಮೆಯಿಲ್ಲದವರು ತೂತನ್ನೇ ಉಜ್ಜಿ ದೊಡ್ಡದು ಮಾಡುತ್ತಾರೆ. ಆಗ ಬೋಲ್ಟಿಗೆ ಹಿಡಿತ ತಪ್ಪುತ್ತದೆ, ಬ್ರೇಕ್ ಒತ್ತಿದಾಗ ಆಕ್ಸಲ್ಲು ಹಿಂದೆಮುಂದೆ ಸರಿಯಬಹುದು.

ಬಲ್ಲ ಟರ್ನರು ಒಂದೇ ಮಾದರಿಯನ್ನು ನಂಬುವುದಿಲ್ಲ. ನಾಲ್ಕೈದು ಹಳೆಯ ಭಾಗಗಳನ್ನು ತರಿಸಿ, ಬೋಲ್ಟಿನ ತಲೆಯ ಕೆಳಗೋ ಕೊಳವೆಯ ಅಂಚಿನಲ್ಲೋ ಉಜ್ಜಾಟ ತಾಗದೆ ಉಳಿದ ಜಾಗವನ್ನು ಹುಡುಕಿ, ಅಲ್ಲಿ ಅಳೆಯುತ್ತಾನೆ.