ಬೀಸು ಕಂಸಾಳೆ

ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ಮಲೆಯ ಮಾದಪ್ಪನ (ಮಾದೇಶ್ವರನ) ದೀಕ್ಷೆ ಪಡೆದ ದೇವರಗುಡ್ಡರು ಉಳಿಸಿಕೊಂಡು ಬಂದಿರುವ, ಸಮರಕಲೆಯ ವರಸೆಗಳುಳ್ಳ ಕುಣಿತ. ಎಡಗೈಯಲ್ಲಿ ಕಂಚಿನ ಬಟ್ಟಲು. ಬಲಗೈಯಲ್ಲಿ ದಾರ, ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕೂತು, ಬಾಗಿ, ಮಲಗಿ ತಾಳವನ್ನು ತಲೆಯ ಸುತ್ತ ಬೀಸಿ ಪಕ್ಕದವನ ಬಟ್ಟಲಿಗೂ ತಾಗಿಸುತ್ತಾರೆ. ಲಯ ಅರೆಗಳಿಗೆ ತಪ್ಪಿದರೂ ಕಂಚು ಮೈಗೆ ಬಡಿಯುತ್ತದೆ.

ಕುಣಿತದಷ್ಟೇ ದೊಡ್ಡದು ನುಡಿಯ ಕಲಿಕೆ. ಮಾದಪ್ಪನ ಮಹಾಕಾವ್ಯದ ಸಂಕಮ್ಮನ ಸಾಲು, ಜುಂಜೇಗೌಡನ ಸಾಲು ಮುಂತಾದ ಭಾಗಗಳು ಗುರುವಿನ ಬಾಯಿಂದ ಕೇಳಿಯೇ ಬರಬೇಕಿತ್ತು. ಕೊಳ್ಳೇಗಾಲ 1956ರವರೆಗೆ ತಮಿಳು ಸೀಮೆಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗಲೂ ಈ ಕನ್ನಡ ಮಹಾಕಾವ್ಯ ಗುಡ್ಡರ ನಾಲಗೆಯ ಮೇಲೆ ಕುಂದದೆ ಉಳಿಯಿತು. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ (1973) ಅದನ್ನು ಅಚ್ಚಿಗೆ ತಂದಿತು. ವರಸೆಗಳನ್ನು ಮಾತ್ರ ಹುಡುಗರು ಇಂದಿಗೂ ಮೇಳದಲ್ಲಿ ಹಿರಿಯರ ಎದುರು ನಿಂತೇ ಕಲಿಯುತ್ತಾರೆ.