ಕಾಸಿನ ಬೆಲೆ, ಕಾಸಿನ ಸಾಕ್ಷಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಳೆಯ ಮನೆಗಳಲ್ಲಿ ಆನೆಯ ಚಿತ್ರದ ತಾಮ್ರದ ಕಾಸು ಸಿಕ್ಕರೆ ನಾವು ಮೊದಲು ಮೊಬೈಲಿನಲ್ಲಿ ಬೆಲೆ ಹುಡುಕುತ್ತೇವೆ. ಹುಡುಕುವ ಮೊದಲು ಕಾಸನ್ನು ಓದಬೇಕು.

1787ರಲ್ಲಿ ಟಿಪ್ಪು ಸುಲ್ತಾನನು ನಾಣ್ಯಗಳ ಮೇಲೆ ಹಿಜರಿಯ ಬದಲು ಮೌಲೂದಿ ವರ್ಷವನ್ನು ಬಳಸತೊಡಗಿದನು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಸೀಮೆಗೆ ಹತ್ತಿರದ ಧಾರವಾಡದ ಟಂಕಸಾಲೆಗೆ ಅವನಿಟ್ಟ ಹೆಸರು ಖುರ್ಷಿದ್ ಸವಾದ್. ಧಾರವಾಡದ ಕೋಟೆ 1791ರಲ್ಲಿ ಮರಾಠರ ವಶವಾಯಿತು. ಹಾಗಾಗಿ ಖುರ್ಷಿದ್ ಸವಾದ್ ಹೆಸರಿನ ನಾಣ್ಯದಲ್ಲಿ ಮೌಲೂದಿ 1224, ಎಂದರೆ ಸುಮಾರು 1796, ಎಂದಿದ್ದರೆ ಸಂಶಯಪಡಲೇಬೇಕು. ಅಸಲಿ ಕಾಸು ಅಚ್ಚೊತ್ತಿದ್ದು. ಅಂಚಿನಲ್ಲಿ ಎರಕದ ಗೆರೆ, ಮೈಮೇಲೆ ಗುಳ್ಳೆಯ ಕುಳಿಗಳು ಕಂಡರೂ ಎಚ್ಚರ ಬೇಕು. ಹುಣಸೆಹಣ್ಣಿನಿಂದ ತಿಕ್ಕಿದರೆ ಹೊಳಪು ಬಂದೀತು, ಬೆಲೆ ಇಳಿಯುತ್ತದೆ.

ಇನ್ನು, ಆನ್‌ಲೈನಿನಲ್ಲಿ ಲಕ್ಷ ಕೊಡುತ್ತೇವೆಂದು ಮೊದಲೇ ಶುಲ್ಕ ಕೇಳುವವರಿದ್ದಾರೆ. ತನ್ನ ಹೆಸರಿನಲ್ಲಿ ನಡೆಯುವ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಎಚ್ಚರಿಸಿದೆ.

ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಇಂದು ಬಹಳ ಮಂದಿ. ಈ ಗದ್ದಲದ ನಡುವೆ ಅವನ ಕಾಲವೇ ಬಿಟ್ಟುಹೋದ ಸಾಕ್ಷಿ ಈ ಕಾಸು. ನಕಲಿ ಕಾಸು ಕೊಂಡವನ ಹಣವಷ್ಟೇ ಹೋಗುವುದಿಲ್ಲ. ಆ ಸಾಕ್ಷಿಯೂ ಕೆಡುತ್ತದೆ.