ಘಟ್ಟದ ಹೂಗಳನ್ನು ಹುಡುಕಿದವರು

ಪಶ್ಚಿಮಘಟ್ಟದ ಹೂಗಿಡಗಳ ಬಗ್ಗೆ ಇಂದು ಖಚಿತವಾಗಿ ಹೇಳಬಹುದಾದ ಸಂಗತಿಗಳಲ್ಲಿ ಹೆಚ್ಚಿನವು ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳನ್ನು ಆಧರಿಸಿವೆ. ಇಂಥ ಹಾಳೆಗಳನ್ನು ಕುಟುಂಬ, ಜಾತಿ, ಪ್ರಭೇದಗಳ ಕ್ರಮದಲ್ಲಿ ಜೋಡಿಸಿಟ್ಟ ಭಂಡಾರಕ್ಕೆ ಹರ್ಬೇರಿಯಂ ಎಂದು ಹೆಸರು. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೀಟಿ ಇರುತ್ತದೆ. ಗಿಡ ದೊರೆತ ಸ್ಥಳ, ದಿನಾಂಕ, ನೆಲದ ಎತ್ತರ, ಸಂಗ್ರಹಿಸಿದವರ ಹೆಸರು, ಒಣಗಿದ ಮೇಲೆ ಉಳಿಯದ ಹೂವಿನ ಬಣ್ಣ ಇವನ್ನು ಅದರಲ್ಲಿ ಬರೆಯುವುದು ರೂಢಿ. ಅಪರೂಪದ ಹೂವೊಂದನ್ನು ಎರಡು ಮೂರು ತಲೆಮಾರುಗಳ ನಂತರ ಮತ್ತೆ ಹುಡುಕಲು ಹೊರಡುವವರಿಗೆ ಆ ನಾಲ್ಕಾರು ಸಾಲುಗಳೇ ಆಧಾರವಾದುದರಿಂದ, ಗಿಡ ಎಷ್ಟೇ ಚೆನ್ನಾಗಿ ಉಳಿದಿದ್ದರೂ ಚೀಟಿಯಿಲ್ಲದ ಹಾಳೆ ಅವರಿಗೆ ಹೆಚ್ಚೇನೂ ಉಪಯೋಗಕ್ಕೆ ಬಾರದು.

ಘಟ್ಟದಲ್ಲಿ ಈ ಕೆಲಸ ಬಯಲುಸೀಮೆಯಲ್ಲಿದ್ದಷ್ಟು ಸಲೀಸಲ್ಲ. ಕರ್ಣಕುಂಡಲದ ಹಲವು ಪ್ರಭೇದಗಳು, ನೆಲದಲ್ಲಿ ಬೆಳೆಯುವ ಆರ್ಕಿಡ್‌ಗಳು, ಬಂಡೆಗಳ ಮೇಲಿನ ಸಣ್ಣ ಗಿಡಗಳು ಜಡಿಮಳೆಯ ದಿನಗಳಲ್ಲಿಯೇ ಹೂಬಿಟ್ಟು, ಮಳೆ ಹಿಂದೆಗೆದ ಕೆಲವೇ ವಾರಗಳಲ್ಲಿ ಗೆಡ್ಡೆಯಾಗಿಯೋ ಬೀಜವಾಗಿಯೋ ಮಣ್ಣಿನೊಳಗೆ ಉಳಿದುಕೊಳ್ಳುತ್ತವೆ. ಆ ದಿನಗಳಲ್ಲಿ ಕಿತ್ತ ಗಿಡವನ್ನು ಎರಡು ಹಲಗೆಗಳ ನಡುವೆ ಕಾಗದದಲ್ಲಿಟ್ಟು ಬಿಗಿದರೆ ಸಾಲದು. ಕಾಗದವನ್ನು ದಿನವೂ ಬದಲಿಸಬೇಕು, ತೆಗೆದ ಒದ್ದೆ ಕಾಗದವನ್ನು ಒಲೆಯ ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಬೇಕು, ಇಲ್ಲವಾದರೆ ಗಿಡ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಕರ್ಣಕುಂಡಲದ ದಂಟಿನಲ್ಲಿ ನೀರು ಹೆಚ್ಚು, ದಳಗಳು ಬಲು ತೆಳು. ಅದರ ಹೂವಿನ ಭಾಗಗಳನ್ನು ಅಲ್ಲಿಯೇ ಬಿಡಿಸಿ ಬೇರೆಯಾಗಿ ಒತ್ತದಿದ್ದರೆ ಪ್ರಭೇದವನ್ನು ಗುರುತಿಸಲು ಬೇಕಾದ ಲಕ್ಷಣಗಳೇ ಅಳಿಸಿಹೋಗುತ್ತವೆ. ಬ್ರಿಟಿಷ್ ಅಧಿಕಾರಿಗಳ ಜಿಲ್ಲಾ ಸಂಚಾರ ಸಾಮಾನ್ಯವಾಗಿ ಮಳೆಗಾಲ ಕಳೆದ ಮೇಲೆ ಆರಂಭವಾಗುತ್ತಿತ್ತು. ಆದ್ದರಿಂದ ಹಳೆಯ ಗ್ರಂಥಗಳು ಅಪರೂಪವೆನ್ನುವ ಹೂ ನಿಜಕ್ಕೂ ಅಪರೂಪವೋ, ಅದು ಅರಳಿದ್ದಾಗ ನೋಡುವವರೇ ಅಲ್ಲಿರಲಿಲ್ಲವೋ ಎಂಬ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕಾಗುತ್ತದೆ.

ಶ್ರೀರಂಗಪಟ್ಟಣದ ಪತನದ ತರುವಾಯ, 1800–01ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಒಳ್ಳೆಯ ಸಸ್ಯಶಾಸ್ತ್ರಜ್ಞರಾಗಿದ್ದರೂ, ಅವರಿಗೆ ಒಪ್ಪಿಸಿದ್ದ ಕೆಲಸ ಬೇಸಾಯ ಮತ್ತು ವ್ಯಾಪಾರಗಳ ಸಮೀಕ್ಷೆಯಾಗಿತ್ತು. ಹೂಗಿಡಗಳನ್ನೇ ಗುರಿಯಾಗಿಸಿದ ದೊಡ್ಡ ಸಂಗ್ರಹವೊಂದು ಬಾಸೆಲ್ ಮಿಷನ್ನಿನ ಪಾದ್ರಿ ಮೆಟ್ಸ್ ಅವರಿಂದ 19ನೆಯ ಶತಮಾನದ ನಡುವಿನಲ್ಲಿ, ಮೊದಲು ಕೆನರಾದಲ್ಲಿ, ಮುಂದೆ ನೀಲಗಿರಿಯಲ್ಲಿ ನಡೆಯಿತು. ಅವರು ಕಳುಹಿಸಿದ ಗಿಡಗಳಿಗೆ ಜರ್ಮನಿಯಲ್ಲಿದ್ದ ಹೋಹೆನಾಕರ್ ಎಂಬುವರು ಸಂಖ್ಯೆ ಕೊಟ್ಟು, ಕಂತೆ ಕಟ್ಟಿ, ಯುರೋಪಿನ ಹರ್ಬೇರಿಯಂಗಳಿಗೆ ಮಾರುತ್ತಿದ್ದರು. ಇಂದಿಗೂ ಆ ಹಾಳೆಗಳು ಹೆಚ್ಚಾಗಿ ಮಾರಿದವರ ಹೆಸರಿನಲ್ಲಿಯೇ ಉಲ್ಲೇಖಗೊಳ್ಳುತ್ತವೆ. ಮೆಟ್ಸ್ ಅವರ ಹೆಸರಾದರೂ ಉಳಿಯಿತು. ದಾರಿ ತೋರಿದವರು, ಹೊರೆ ಹೊತ್ತವರು, ಎತ್ತರದ ಕೊಂಬೆಯ ಹೂವಿಗಾಗಿ ಮರವೇರಿದವರು, ಯಾವ ಕಣಿವೆಯಲ್ಲಿ ಯಾವ ಗಿಡ ಯಾವಾಗ ಅರಳುತ್ತದೆಂದು ಬಲ್ಲ ಊರಿನವರು, ಇವರ ಹೆಸರಿಗೆ ಚೀಟಿಯಲ್ಲಿ ಜಾಗವೇ ಇರಲಿಲ್ಲ. ಇದು ಈ ಶಾಸ್ತ್ರದ ಇತಿಹಾಸದಲ್ಲಿ ತುಂಬಲಾಗದ ನಷ್ಟ. ದಕ್ಷಿಣ ಭಾರತದ ಸಸ್ಯಗಳ ಬಗ್ಗೆ ಸಚಿತ್ರ ಗ್ರಂಥಗಳನ್ನು ರಚಿಸಿದ ರಾಬರ್ಟ್ ವೈಟ್ ತಮ್ಮ ಚಿತ್ರಕಾರ ಗೋವಿಂದು ಅವರ ಹೆಸರನ್ನು ಆರ್ಕಿಡ್ ಜಾತಿಯೊಂದಕ್ಕೆ ಇಟ್ಟದ್ದು ಅಂದಿನ ಕಾಲಕ್ಕೆ ವಿರಳವಾದ ನಡೆ.

20ನೆಯ ಶತಮಾನದ ಆರಂಭದಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ಜೊತೆಯಾಗಿ ಗಿಡ ಸಂಗ್ರಹಿಸಿದವರು ಸಿವಿಲ್ ಸರ್ವಿಸಿನ ಎಲ್. ಜೆ. ಸೆಡ್ಜ್‌ವಿಕ್ ಮತ್ತು ಅರಣ್ಯ ಇಲಾಖೆಯ ಟಿ. ಆರ್. ಬೆಲ್. ಬೆಲ್ ಅವರ ಹೆಸರು ಚಿಟ್ಟೆ, ಪತಂಗಗಳ ಅಧ್ಯಯನದಲ್ಲಿ ಹೆಚ್ಚು ಪ್ರಸಿದ್ಧವಾದರೂ, ಆ ಜಿಲ್ಲೆಯ ಕಾಡನ್ನು ಅವರಷ್ಟು ಬಲ್ಲ ಅಧಿಕಾರಿಗಳು ಆಗ ಬಲು ಕಡಿಮೆ. ಇಬ್ಬರೂ 1919ರಲ್ಲಿ ಗೇರುಸೊಪ್ಪೆ ಜಲಪಾತ, ಅಂದರೆ ಇಂದಿನ ಜೋಗದ ಬಳಿ, ನೀರು ಸಿಡಿಯುವ ಒದ್ದೆ ಬಂಡೆಗಳಿಂದ ನವಿರಾದ ಒಂದು ಹುಲ್ಲನ್ನು ಕಿತ್ತು ಒಣಗಿಸಿದರು. ಹುಲ್ಲು ಕೂಡ ಹೂಬಿಡುವ ಸಸ್ಯವೇ. ದಳಗಳಿಲ್ಲದ ಅದರ ಹೂಗಳು ಕಿರುತೆನೆ ಎಂಬ ಸಣ್ಣ ಗೊಂಚಲುಗಳಲ್ಲಿ ಅಡಗಿರುವುದರಿಂದ, ಗುರುತಿಸಲು ಮಸೂರ ಬೇಕು, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದು ಮುಂದೆ ಲಂಡನ್ನಿನ ಕ್ಯೂ ಸಸ್ಯೋದ್ಯಾನ ಸೇರಿದ ಎನ್. ಎಲ್. ಬೋರ್ ಅದಕ್ಕೆ ಹೊಸ ಜಾತಿಯನ್ನೇ ರೂಪಿಸಿ, ಹುಲ್ಲುಗಳ ತಜ್ಞ ಸಿ. ಇ. ಹಬ್ಬರ್ಡ್ ಅವರ ಗೌರವಾರ್ಥ ಹಬ್ಬರ್ಡಿಯಾ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟರು. ಈ ಹೆಸರು 1951ರಲ್ಲಿ ಪ್ರಕಟವಾದಾಗ, ಗಿಡವನ್ನು ಕಿತ್ತ ಇಬ್ಬರೂ ಬದುಕಿರಲಿಲ್ಲ. ಕಾರವಾರದಲ್ಲಿ ನೆಲೆಸಿದ್ದ ಬೆಲ್ 1948ರಲ್ಲಿ ತೀರಿಕೊಂಡಿದ್ದರು.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು 1964ರಲ್ಲಿ ಸಿದ್ಧವಾಗಿ ಜೋಗದ ನೀರು ಇಳಿದ ಮೇಲೆ, ಸಿಡಿನೀರನ್ನೇ ನಂಬಿದ್ದ ಆ ಹುಲ್ಲು ಅಲ್ಲಿ ಮತ್ತೆ ಸಿಗದೆ, ಅಳಿದುಹೋದ ಸಸ್ಯಗಳ ಸಾಲಿಗೆ ಸೇರಿತು. ರಾಜ್ಯಕ್ಕೆ ಬೆಳಕು ಬಂದ ಕಾಲವದು. ಬಂಡೆಯ ಮೇಲಿನ ಒಂದು ಹುಲ್ಲಿನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲವೆಂಬುದು ಅಚ್ಚರಿಯಲ್ಲ, ಆದರೆ ವಿಷಾದದ ಸಂಗತಿ ಹೌದು.

ಅಷ್ಟರಲ್ಲಿ ಹುಡುಕಾಟದ ರೀತಿಯೇ ಬದಲಾಗತೊಡಗಿತ್ತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ ಅವರು ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೊಡನೆ ಸಂಪಾದಿಸಿ 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಫ್ಲೋರಾ ಹಲವರು ಕೂಡಿ ಮಾಡಿದ ಕೆಲಸ. ಒಂದು ಪ್ರದೇಶದ ಸಸ್ಯಗಳನ್ನೆಲ್ಲ ಗುರುತಿಸುವ ಸೂಚಿಗಳೊಡನೆ ವಿವರಿಸುವ ಗ್ರಂಥಕ್ಕೆ ಫ್ಲೋರಾ ಎನ್ನುತ್ತಾರೆ. ಬಿಸಿಲೆ ಘಾಟಿಯ ನಿತ್ಯಹರಿದ್ವರ್ಣ ಕಾಡಿನಿಂದ ಅರಸೀಕೆರೆಯ ಕುರುಚಲು ಕಾಡಿನವರೆಗೆ ಹಬ್ಬಿದ ಜಿಲ್ಲೆಯನ್ನು ಒಬ್ಬರೇ ಎಲ್ಲ ಋತುಗಳಲ್ಲಿಯೂ ಸುತ್ತಿ ನೋಡುವುದು ಅಸಾಧ್ಯ. ಕುಟುಂಬಗಳನ್ನು ಹಂಚಿಕೊಂಡು ಬೇರೆಬೇರೆಯವರು ಬರೆದುದರಿಂದಲೇ ಆ ಗ್ರಂಥಕ್ಕೆ ಇಂದಿಗೂ ತೂಕವಿದೆ.

ಜೋಗದ ಹುಲ್ಲು ಮತ್ತೆ ದೊರೆತದ್ದೂ ಇಂಥ ತಂಡದ ಹುಡುಕಾಟದಿಂದಲೇ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಅವರ ಸಂಗಡಿಗರು ಈ ಶತಮಾನದ ಮೊದಲ ವರ್ಷಗಳಲ್ಲಿ ತಿಲಾರಿ ಘಟ್ಟದ ನೀರು ಜಿನುಗುವ ಬಂಡೆಗಳಲ್ಲಿ ಅದನ್ನು ಕಂಡು, ಸಸಿಗಳನ್ನು ಬೆಳೆಸಿ ಹೊಂದುವ ತಾಣಗಳಲ್ಲಿ ನೆಡುವ ಪ್ರಯತ್ನವನ್ನೂ ಮಾಡಿದರು. ಆ ಹುಲ್ಲು ಜೋಗದಲ್ಲಿ ಮಾತ್ರವಿತ್ತೆಂಬ ಹಿಂದಿನ ನಂಬಿಕೆ, ಹಿಂದಿನವರು ಹೋಗಿ ನೋಡಿದ ಕಣಿವೆಗಳು ಎಷ್ಟು ಕಡಿಮೆಯೆಂಬುದನ್ನಷ್ಟೇ ಹೇಳುತ್ತಿತ್ತು.